ಹಗಲು ದುಡಿಮೆ, ಇರುಳು ಪಾಠ: ಒಂದು ವೇಳಾಪಟ್ಟಿಯ ಚರಿತ್ರೆ

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಕಚೇರಿಯ ಕಿರಿಯ ನೌಕರನೊಬ್ಬ ಒಂದು ಅರ್ಜಿ ತಂದುಕೊಟ್ಟ. ಸಂಜೆಯ ತರಗತಿಗಳಿಗೆ ಹೋಗಿ ಬಿ.ಕಾಂ. ಓದುತ್ತಿದ್ದ ಹುಡುಗ. ಪರೀಕ್ಷೆ ಮುಗಿಯುವ ತನಕ, ಹದಿನೈದು ದಿನಗಳ ಮಟ್ಟಿಗೆ, ಒಂದು ಗಂಟೆ ಮೊದಲು ಹೊರಡಲು ಅನುಮತಿ ಬೇಕೆಂಬುದು ಅವನ ಕೋರಿಕೆ. ಕಡತದಲ್ಲಿ ಟಿಪ್ಪಣಿ ಬರೆಯುವ ಸರದಿ ನಮ್ಮದಾಗಿತ್ತು. ಇಪ್ಪತ್ತು ವರ್ಷಗಳ ಅಭ್ಯಾಸಬಲದಿಂದ, ಹೆಚ್ಚು ಯೋಚಿಸದೆ, ‘ಕಚೇರಿಯ ಕೆಲಸಕ್ಕೆ ಬಾಧೆಯಾಗದಂತೆ ಅರ್ಜಿದಾರನೇ ತನ್ನ ವೇಳೆಯನ್ನು ಸರಿದೂಗಿಸಿಕೊಳ್ಳತಕ್ಕದ್ದು’ ಎಂದು ಬರೆದು ಮುಗಿಸಿದೆವು. ಮೇಲಧಿಕಾರಿಗೆ ಕಳುಹಿಸುವ ಮುನ್ನ ಕಡತ ಒಂದು ರಾತ್ರಿ ನಮ್ಮ ಮೇಜಿನ ಮೇಲೆಯೇ ಉಳಿಯಿತು. ಆ ರಾತ್ರಿ ಆ ವಾಕ್ಯ ನಮ್ಮನ್ನು ಬಿಡಲಿಲ್ಲ. ನಾವೂ ಗುಮಾಸ್ತಗಿರಿ ಮಾಡುತ್ತಲೇ ಎಂ.ಎ. ಮುಗಿಸಿದವರು. ತರಗತಿ, ನೌಕರಿ, ನಾಲ್ಕು ಜನರ ಒಡನಾಟ ಈ ಮೂರನ್ನೂ ಸರಿದೂಗಿಸುವ ಹೊಣೆ ಯಾವಾಗಲೂ ವಿದ್ಯಾರ್ಥಿಯೊಬ್ಬನದೇ ಆಗಿತ್ತೇ? ನಮ್ಮ ಹಿರಿಯರ ಕಾಲದಲ್ಲಿ ಅದನ್ನು ಯಾರು ಹೊತ್ತಿದ್ದರು? ಈ ಬರಹ ಆ ಪ್ರಶ್ನೆಯ ಜಾಡು ಹಿಡಿದು ಹೊರಟದ್ದು.

ಕನ್ನಡ ನಾಡಿನಲ್ಲಿ ಈ ಚರಿತ್ರೆ ಗಡಿಯಾರದಿಂದ ಮೊದಲಾಗುವುದಿಲ್ಲ, ಊಟದಿಂದ ಮೊದಲಾಗುತ್ತದೆ. ವಾರಾನ್ನ ಎಂಬ ಪದ್ಧತಿಯನ್ನು ನಮ್ಮ ಓದುಗರಲ್ಲಿ ಹಿರಿಯರು ಕಂಡಿರಬಹುದು, ಉಂಡಿರಲೂಬಹುದು. ಏಳು ದಿನಕ್ಕೆ ಏಳು ಮನೆ. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಹೀಗೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಪುಣೆಯಲ್ಲಿ ಇದರ ಸೋದರ ಪದ್ಧತಿಗೆ ಮಾಧುಕರಿ ಎಂದು ಹೆಸರು. ಎಸ್.ಎಲ್. ಭೈರಪ್ಪನವರ ಆತ್ಮವೃತ್ತಾಂತ ‘ಭಿತ್ತಿ’ಯನ್ನು ಓದಿದವರಿಗೆ ವಾರಾನ್ನದ ಹುಡುಗನ ಪಾಡು ಹೊಸದಲ್ಲ. ಶಾಲೆಯನ್ನು ನಡುವೆ ಬಿಟ್ಟು ಅಲೆದ ಆ ಹುಡುಗ ನಮ್ಮ ಇದೇ ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿದ್ದನೆಂಬುದೂ ಅಷ್ಟೇ ಪ್ರಸಿದ್ಧ. ವಾರಾನ್ನದಲ್ಲಿ ಕರುಣೆ ಇತ್ತು. ಆದರೆ ಅದು ಜಾತಿಯ ಹೊಸ್ತಿಲು ದಾಟುತ್ತಿರಲಿಲ್ಲ. ಯಾರ ಮನೆಯ ಪಂಕ್ತಿಯಲ್ಲಿ ಯಾರು ಕೂರಬಹುದೆಂಬ ಕಟ್ಟು ಇದ್ದಲ್ಲಿ, ಯಾರು ಓದಬಹುದೆಂಬ ಕಟ್ಟೂ ಅದರಲ್ಲೇ ಅಡಗಿರುತ್ತದೆ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯ ತೆರೆಯಲು ನೆರವಾದದ್ದೂ, ಧಾರವಾಡದ ಮುರುಘಾಮಠ ಬಡ ವಿದ್ಯಾರ್ಥಿಗಳಿಗೆ ಪ್ರಸಾದನಿಲಯ ನಡೆಸಿದ್ದೂ ಈ ಕಟ್ಟನ್ನು ಸಡಿಲಿಸುವ ಪ್ರಯತ್ನಗಳೇ. ಅನ್ನದ ಚಿಂತೆಯನ್ನು ಬೇರೆಯವರು ಹೊತ್ತಾಗ ಹುಡುಗನ ಕೈಗೆ ಪುಸ್ತಕ ಹಿಡಿಯುವಷ್ಟು ಹೊತ್ತು ಸಿಕ್ಕಿತು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಆ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಿಂದ 1918ರಲ್ಲಿ ಬಿ.ಎ. ಪಡೆದರು, ಎಂ.ಎ. ಪಡೆದದ್ದು 1935ರಲ್ಲಿ. ನಡುವಿನ ಹದಿನೇಳು ವರ್ಷಗಳಲ್ಲಿ ಶಾಲೆಯ ಮಾಸ್ತರಿಕೆ, ಸಂಸಾರ, ಗೆಳೆಯರ ಗುಂಪು, ಕವಿತೆಯೊಂದರ ಕಾರಣಕ್ಕೆ ಸೆರೆವಾಸ, ಎಲ್ಲವೂ ಬಂದುಹೋದವು. ಪುಣೆಯಲ್ಲಿ ಓದುತ್ತಿದ್ದಾಗಲೇ ಅವರು ಗೆಳೆಯರೊಡನೆ ‘ಶಾರದಾ ಮಂಡಲ’ ಎಂಬ ಕೂಟ ಕಟ್ಟಿಕೊಂಡಿದ್ದರು. ಪರಸ್ಥಳದಲ್ಲಿ ಓದುವ ಹುಡುಗನಿಗೆ ಗೆಳೆತನ ಓದಿನ ಹೊತ್ತನ್ನು ಕದಿಯುವ ಕಳ್ಳನಲ್ಲ, ಓದನ್ನು ನಿಲ್ಲಿಸುವ ಊರುಗೋಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಬೇಕಿಲ್ಲ.

ಆದರೆ ಬೇಂದ್ರೆಯವರ ಪುಣೆ ಹಗಲು ಕಾಲೇಜಿನ ಪುಣೆ. ಹಗಲೆಲ್ಲ ದುಡಿಯಬೇಕಾದವನ ಕಥೆ ಬೇರೆ. ಅದೇ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು 1855ರಲ್ಲಿ ರೈತರಿಗೂ ಕೂಲಿಕಾರರಿಗೂ ರಾತ್ರಿಶಾಲೆ ತೆರೆದರು. ಮುಂಬಯಿಯಲ್ಲಿ ಎನ್.ಎಂ. ಜೋಶಿಯವರ ಸೋಷಿಯಲ್ ಸರ್ವಿಸ್ ಲೀಗ್ 1911ರಿಂದ ಗಿರಣಿ ಕೆಲಸಗಾರರಿಗಾಗಿ ರಾತ್ರಿಶಾಲೆಗಳನ್ನೂ ವಾಚನಾಲಯಗಳನ್ನೂ ನಡೆಸಿತು. ಆ ವರ್ಷದ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಯಲ್ಲಿ ಗಂಡಾಳಿನ ದುಡಿಮೆಗೆ ಹಾಕಿದ ಮಿತಿ ದಿನಕ್ಕೆ ಹನ್ನೆರಡು ಗಂಟೆ! ಹನ್ನೆರಡು ಗಂಟೆ ಸಾಂಚೆಯ ಮುಂದೆ ನಿಂತವನ ಕಣ್ಣಿಗೆ ಅಕ್ಷರ ಹೇಗೆ ಕಂಡೀತು? 1922ರ ತಿದ್ದುಪಡಿ ಅದನ್ನು ಹನ್ನೊಂದಕ್ಕೆ ಇಳಿಸಿತು, 1934ರ ಕಾಯ್ದೆ ಹತ್ತಕ್ಕೆ, 1948ರದು ಒಂಬತ್ತಕ್ಕೆ. ಮೂವತ್ತೇಳು ವರ್ಷಗಳಲ್ಲಿ ದಿನಕ್ಕೆ ಮೂರು ಗಂಟೆ ಬಿಡುವು. ರಾತ್ರಿಶಾಲೆಯೊಂದರ ಒಂದು ದಿನದ ಪಾಠದ ಅವಧಿ ಹೆಚ್ಚು ಕಡಿಮೆ ಅಷ್ಟೇ. ವಿದ್ಯೆಯ ಇತಿಹಾಸ ಬರೆಯುವವರು ಶಿಕ್ಷಣ ಕಾಯ್ದೆಗಳನ್ನು ಓದುತ್ತಾರೆ; ದುಡಿಯುವವನ ವಿದ್ಯೆಯ ಇತಿಹಾಸ ತಿಳಿಯಬೇಕಾದರೆ ಕಾರ್ಮಿಕ ಕಾಯ್ದೆಗಳನ್ನೂ ಓದಬೇಕು.

ನಮ್ಮವರಲ್ಲಿ ಬಹಳ ಮಂದಿ ಗಿರಣಿಗಿಂತ ಹೋಟೆಲಿಗೆ ಬಂದವರು. ತೆಂಕಣ ಕರಾವಳಿಯಿಂದ ಮಂಗಳೂರಿನ ಹಡಗು ಹತ್ತಿ, ಮುಂದೆ ಬಸ್ಸು ಹಿಡಿದು, ಹನ್ನೆರಡು ಹದಿಮೂರರ ಹುಡುಗರು ಯಾರೋ ಮಾವನ, ಯಾರೋ ಊರಿನವರ ಹೆಸರು ಹೇಳಿಕೊಂಡು ಬಂದಿಳಿದರು. ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅದಕ್ಕೆ ಹಿಂದೆಯೂ ಮುಂದೆಯೂ ಇಂಥ ಎಷ್ಟೋ ಹೋಟೆಲುಗಳು ಈ ಊರಿನಲ್ಲಿ ಎದ್ದವು. ಹುಡುಗ ಮೊದಲು ಪಾತ್ರೆ ತೊಳೆಯುವ ಮೋರಿಯ ಬಳಿ, ಆಮೇಲೆ ಟೇಬಲ್ ಒರೆಸುವವನು, ಆಮೇಲೆ ಸಪ್ಲೈಯರ್. ಅಕ್ಷರ ಮತ್ತು ಲೆಕ್ಕ ಬಂದರೆ ಮಾತ್ರ ಗಲ್ಲಾದ ಮೇಲೆ ಕೂರುವ ಯೋಗ. ಊಟ ಹೋಟೆಲಿನದೇ, ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿದರೆ ಅದೇ ಹಾಸಿಗೆ. ಹೋಟೆಲು ಮತ್ತು ಅಂಗಡಿಗಳ ದುಡಿಮೆಗೆ ಮುಂಬಯಿ ಪ್ರಾಂತದಲ್ಲಿ ಮೊದಲ ಕಾಯ್ದೆ ಬಂದದ್ದು 1939ರಲ್ಲಿ. 1948ರ ಕಾಯ್ದೆ ಉಪಾಹಾರಗೃಹದ ಕೆಲಸಗಾರನಿಗೂ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಇಟ್ಟಿತು. ಕಾಗದದ ಮೇಲಿನ ಮಿತಿ ಅಡುಗೆಮನೆಯೊಳಕ್ಕೆ ಬರುವುದಕ್ಕೆ ಇನ್ನೂ ಎಷ್ಟು ಕಾಲ ಹಿಡಿಯಿತೆಂಬುದನ್ನು ಬಲ್ಲವರು ಬಲ್ಲರು.

ಈ ಹುಡುಗರಿಗಾಗಿ ಹುಟ್ಟಿದ್ದು ಮುಂಬಯಿಯ ಕನ್ನಡ ರಾತ್ರಿಶಾಲೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯದೊಂದು, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿಶಾಲೆಯೊಂದು, ಹೀಗೆ ಸಮುದಾಯದ ಸಂಘಗಳೂ ಕನ್ನಡದ ಸಂಸ್ಥೆಗಳೂ ಇವನ್ನು ನಡೆಸಿದವು. ಫೋರ್ಟ್ ಪರಿಸರದಲ್ಲಿ ಇಂಥ ಶಾಲೆಗಳು ಬೇರೂರಿದ್ದಕ್ಕೆ ನಮಗೆ ತೋರುವ ಕಾರಣ ಸರಳವಾದದ್ದು: ಅಲ್ಲಿನ ಕ್ಯಾಂಟೀನುಗಳು ಕಚೇರಿಗಳನ್ನು ನಂಬಿ ಬದುಕುವಂಥವು. ಕಚೇರಿ ಬಿಟ್ಟೊಡನೆ ಗಿರಾಕಿ ಇಲ್ಲ. ಗಿರಾಕಿ ಇಲ್ಲದ ಹೊತ್ತು ಹುಡುಗನ ಹೊತ್ತು. ಹಗಲು ಬೇರೊಂದು ಶಾಲೆ ನಡೆಯುವ ಕಟ್ಟಡದಲ್ಲಿ, ಹಗಲಿನ ಮಕ್ಕಳ ಬೆಂಚುಗಳ ಮೇಲೆ, ಹಗಲು ಬೇರೆ ನೌಕರಿ ಮಾಡಿ ಬಂದ ಮಾಸ್ತರರ ಎದುರು ಪಾಠ ನಡೆಯುತ್ತಿತ್ತು. ಮಾಸ್ತರರೂ ದುಡಿದು ದಣಿದವರು, ಹುಡುಗರೂ ದುಡಿದು ದಣಿದವರು. ತೂಕಡಿಸಿದವನನ್ನು ಬಯ್ಯುವ ಹಕ್ಕು ಅಲ್ಲಿ ಯಾರಿಗೂ ಪೂರ್ತಿ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಹುಡುಗನಿಗೆ ತರಗತಿ, ಕೆಲಸ, ಒಡನಾಟ ಎಂಬ ಮೂರು ಬೇರೆ ಬೇರೆ ಲೋಕಗಳು ಇರಲಿಲ್ಲ. ಕೆಲಸ ಕೊಟ್ಟ ಹೋಟೆಲಿನ ಯಜಮಾನ ಬಹಳ ಸಲ ಶಾಲೆ ನಡೆಸುವ ಸಂಘದ ಸದಸ್ಯ. ಸಂಘದ ವಾರ್ಷಿಕೋತ್ಸವದ ನಾಟಕದಲ್ಲಿ ಪಾತ್ರ ಹಾಕುವವನು ಇದೇ ಶಾಲೆಯ ಹುಡುಗ. ಯಜಮಾನ ಸಂಜೆ ಆರಕ್ಕೆ ಹುಡುಗನನ್ನು ಬಿಡದಿದ್ದರೆ ಭಾನುವಾರದ ಸಭೆಯಲ್ಲಿ ಹಿರಿಯರೊಬ್ಬರು ‘ಏನು ಮಾರಾಯರೇ, ನಿಮ್ಮ ಹುಡುಗ ಶಾಲೆಗೆ ಬರಲಿಲ್ಲವಲ್ಲ?’ ಎಂದು ಕೇಳುವವರಿದ್ದರು. ಈ ಒಂದು ಪ್ರಶ್ನೆಗೆ ಯಾವ ಕಾಯ್ದೆಗೂ ಇಲ್ಲದ ಬಲವಿತ್ತು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಸಂಘ. ಹುಡುಗ ಆ ದಾರ ಹಿಡಿದು ನಡೆದರೆ ಸಾಕಾಗಿತ್ತು.

ರಾತ್ರಿಶಾಲೆ ಮೆಟ್ರಿಕ್‌ವರೆಗೆ ಕೈಹಿಡಿಯಿತು. ಅಲ್ಲಿಂದ ಮುಂದೆ? ಉತ್ತರ ಬಂದದ್ದು ಬಾಬಾಸಾಹೇಬ ಅಂಬೇಡ್ಕರರಿಂದ. ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1945ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ಜೂನ್ 20ರಂದು ಸಿದ್ಧಾರ್ಥ ಕಾಲೇಜು ಬಾಗಿಲು ತೆರೆಯಿತು. ತರಗತಿಗಳು ಬೆಳಗಿನ ಹೊತ್ತು, ಕಚೇರಿಗಳು ತೆರೆಯುವ ಮುನ್ನ. ಹಗಲೆಲ್ಲ ನೌಕರಿ ಮಾಡುವವನಿಗೂ ಪದವಿಯ ದಾರಿ ತೆರೆಯಿತು. ಇದನ್ನು ಸಣ್ಣ ಅನುಕೂಲವೆಂದು ತಿಳಿಯಬಾರದು. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಅವರು ಓದಿದ ಬಗೆಯನ್ನು ಜೀವನಚರಿತ್ರೆಕಾರರು ಬರೆದಿದ್ದಾರೆ: ಮಗ ಮೊದಲು ಮಲಗುವುದು, ತಂದೆ ನಡುರಾತ್ರಿ ಕಳೆದು ಎರಡರ ತನಕ ಎಚ್ಚರವಿದ್ದು ಮಗನನ್ನು ಎಬ್ಬಿಸಿ ತಾವು ಮಲಗುವುದು. ಕೋಣೆ ಒಂದೇ, ನಿದ್ರೆಗೂ ಓದಿಗೂ ಪಾಳಿ. ತನ್ನ ತಂದೆ ನಿದ್ದೆಗೆಟ್ಟು ಕೊಟ್ಟ ಹೊತ್ತನ್ನು ಅವರು ದೊಡ್ಡವರಾದ ಮೇಲೆ ಒಂದು ಸಂಸ್ಥೆಯ ವೇಳಾಪಟ್ಟಿಯಾಗಿ ಪರಿವರ್ತಿಸಿದರೆಂದು ನಾವು ಭಾವಿಸುತ್ತೇವೆ. ಆ ಕಾಲೇಜಿನಲ್ಲಿ ದೊಡ್ಡ ಗ್ರಂಥಾಲಯವಿತ್ತು, ವಿದ್ಯಾರ್ಥಿಗಳದೇ ಒಂದು ಸಂಸತ್ತಿತ್ತು. ದುಡಿಯುವ ಹುಡುಗನಿಗೆ ಪಾಠವಷ್ಟೇ ಸಾಕು, ಚರ್ಚೆಯೂ ಗೆಳೆತನವೂ ಉಳ್ಳವರಿಗೆ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಇನ್ನೊಂದು ಮಾರ್ಗ ಸಾತಾರದ್ದು. ಕರ್ಮವೀರ ಭಾವುರಾವ್ ಪಾಟೀಲರು 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದರು. ಅವರ ಪೂರ್ವಜರು ಮೂಡುಬಿದಿರೆಯ ಕಡೆಯಿಂದ ಬಂದ ಜೈನರೆಂದು ಹೇಳುತ್ತಾರೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಣ್ಣುವ ವಿದ್ಯಾರ್ಥಿನಿಲಯ. ಹುಡುಗರು ಹೊಲದಲ್ಲಿ ದುಡಿದು ತಮ್ಮ ಓದಿನ ಖರ್ಚಿಗೆ ದಾರಿ ಮಾಡಿಕೊಳ್ಳುತ್ತಿದ್ದರು. 1927ರಲ್ಲಿ ಅಲ್ಲಿಗೆ ಬಂದ ಗಾಂಧೀಜಿಯವರು ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ‘ಕಮವಾ ಆಣಿ ಶಿಕಾ’, ದುಡಿ ಮತ್ತು ಕಲಿ, ಎಂಬ ಮಾತು ಇಂದಿಗೂ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಲ್ಲಿ ಯೋಜನೆಯ ಹೆಸರಾಗಿ ಉಳಿದಿದೆ. ಮುಂಬಯಿ ಕೆಲಸದ ಸುತ್ತ ಪಾಠವನ್ನು ಹೊಂದಿಸಿತು. ಸಾತಾರ ಪಾಠದೊಳಕ್ಕೇ ಕೆಲಸವನ್ನು ತಂದಿತು. ದಾರಿ ಬೇರೆಯಾದರೂ ಎರಡರಲ್ಲೂ ಬಾಗಿದ್ದು ಸಂಸ್ಥೆಯೇ.

ಮುಂದೆ ಅಂಚೆಯ ಕಾಲ ಬಂತು. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದವು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಬಂತು. ಹೊತ್ತಿನ ತೊಡಕು ಬಗೆಹರಿಯಿತು, ಬೆಂಚು ಮಾಯವಾಯಿತು. ನಾವು ಇಂಗ್ಲಿಷ್ ಎಂ.ಎ. ಮಾಡಿದ್ದು ಹೀಗೆ. ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿಗೆ ಪುಸ್ತಕಗಳ ಕಟ್ಟು ಬರುತ್ತಿತ್ತು. ಮಿಲ್ಟನ್ನನನ್ನು ವಡಾಲಾದಿಂದ ಸಿಎಸ್‌ಎಂಟಿಯವರೆಗಿನ ಲೋಕಲ್ ಗಾಡಿಯಲ್ಲಿ, ಒಂದು ಕೈಯಲ್ಲಿ ಹಿಡಿಕೆ ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದೆವು. ಎರಡು ವರ್ಷ ಕನ್ನಡ ಸಂಘದ ಕಡೆ ತಲೆ ಹಾಕಲಿಲ್ಲ, ಊರಿನ ಎರಡು ಮದುವೆ ತಪ್ಪಿಸಿದೆವು, ಒಬ್ಬ ಗೆಳೆಯನ ತಂದೆ ತೀರಿಕೊಂಡದ್ದು ನಮಗೆ ತಿಳಿದದ್ದು ವೈಕುಂಠ ಸಮಾರಾಧನೆ ಮುಗಿದ ಮೇಲೆ. ಪದವಿ ಬಂತು. ಆದರೆ ಓದಿದ್ದನ್ನು ಯಾರೊಡನೆಯೂ ಜಗಳವಾಡಿ ಅರಗಿಸಿಕೊಂಡಿರಲಿಲ್ಲ. ಆ ಗೆಳೆಯನೊಡನೆ ಮಾತು ಮೊದಲಿನಂತಾಗಲು ವರ್ಷಗಳೇ ಬೇಕಾದವು. ಸರಿದೂಗಿಸುವ ಭಾರ ಒಬ್ಬನ ಮೇಲೆ ಬಿದ್ದಾಗ ತಕ್ಕಡಿಯಿಂದ ಮೊದಲು ಕೆಳಗಿಳಿಯುವುದು ನೆಂಟರಿಷ್ಟರೇ.

ಹಾಗೆಂದು ಹಿಂದಿನದನ್ನು ಹಾಡಿ ಹೊಗಳಲು ನಮಗೆ ಧೈರ್ಯವಿಲ್ಲ. ರಾತ್ರಿಶಾಲೆಯ ಬೆಂಚಿನ ಮೇಲೆ ಕೂತವನು ಹನ್ನೆರಡು ವರ್ಷದ ಕೂಲಿಯಾಳು ಎಂಬುದನ್ನು ಮರೆಯುವಂತಿಲ್ಲ. ಮಕ್ಕಳನ್ನು ಹೋಟೆಲು ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರಿನಲ್ಲಷ್ಟೇ ಜಾರಿಗೆ ಬಂತು. ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್‌ನಲ್ಲಿ. ಊರಿನಲ್ಲೇ ಶಾಲೆ ಕಾಲೇಜುಗಳು ಬೆಳೆದವು, ಮುಂಬಯಿಗೆ ಬರುವ ಹುಡುಗರು ಕಡಿಮೆಯಾದರು, ಇಲ್ಲಿನ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಕನ್ನಡ ರಾತ್ರಿಶಾಲೆಗಳು ಬರಿದಾದದ್ದರಲ್ಲಿ ನಮ್ಮ ಭಾಷೆಯ ನಷ್ಟವೂ ಇದೆ, ಆ ಮಕ್ಕಳ ಲಾಭವೂ ಇದೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಚರಿತ್ರೆಗೆ ಮೋಸ ಮಾಡಿದಂತೆ. ಇನ್ನೊಂದು ಮಾತು: ಇದು ಹೆಚ್ಚಾಗಿ ಗಂಡುಮಕ್ಕಳ ಚರಿತ್ರೆ. ಅದೇ ಹೊತ್ತಿನಲ್ಲಿ ಚಾಳಿನ ಕೋಣೆಯಲ್ಲಿ ಅಡುಗೆ ಮಾಡುತ್ತ ತಮ್ಮನ ಪುಸ್ತಕವನ್ನು ತಿರುವಿ ನೋಡಿದ ಅಕ್ಕನಿಗೆ ಸಂಜೆ ಆರರ ಮೇಲೆ ಬಿಡುವು ಕೊಡುವ ಸಂಘ ಯಾವುದೂ ಇರಲಿಲ್ಲ.

ಮರುದಿನ ಬೆಳಗ್ಗೆ ನಾವು ಟಿಪ್ಪಣಿಯ ಕೊನೆಯ ವಾಕ್ಯವನ್ನು ಹೊಡೆದುಹಾಕಿ ಬೇರೆ ಬರೆದೆವು: ‘ಸದರಿ ಅವಧಿಯಲ್ಲಿ ಅರ್ಜಿದಾರನ ಸಂಜೆಯ ಕೆಲಸವನ್ನು ಶಾಖೆಯವರು ಹಂಚಿಕೊಳ್ಳಲು ಒಪ್ಪಿರುತ್ತಾರೆ.’ ಶಾಖೆಯವರನ್ನು ಕೇಳಿದ್ದು ಬರೆದ ಮೇಲೆ. ಇಬ್ಬರು ಗೊಣಗಿದರು, ಒಬ್ಬರು ನಕ್ಕರು, ಕೊನೆಗೆ ಮೂವರೂ ಒಪ್ಪಿದರು. ಮೇಲಧಿಕಾರಿ ಒಂದು ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿ ಸಹಿ ಹಾಕಿದರು. ಹದಿನೈದು ದಿನ ಸಂಜೆಯ ಟಪಾಲನ್ನು ನಾವೇ ದಾಖಲಿಸಿದೆವು. ಹುಡುಗ ಎಲ್ಲ ವಿಷಯಗಳಲ್ಲಿಯೂ ಪಾಸಾದ, ಒಂದರ ಹೊರತು. ಆ ಒಂದಕ್ಕೆ ಈ ಅಕ್ಟೋಬರಿನಲ್ಲಿ ಮತ್ತೆ ಕೂರಲಿದ್ದಾನೆ. ಅರ್ಜಿ ಇನ್ನೂ ಬಂದಿಲ್ಲ. ಟಪಾಲು ಯಾರು ನೋಡಿಕೊಳ್ಳಬೇಕೆಂಬುದನ್ನು ಮಾತ್ರ ಶಾಖೆಯಲ್ಲಿ ಈಗಲೇ ಮಾತನಾಡಿಕೊಂಡಿದ್ದೇವೆ.