ಕೋಟೆಯ ಪತನ: ಚಲನಚಿತ್ರ ಮತ್ತು ಇತಿಹಾಸ

ಅಲ್ಪಸಂಖ್ಯರಾದ ರಕ್ಷಕರು ಪತನೋನ್ಮುಖವಾದ ಕೋಟೆಯೊಂದನ್ನು ಕಾಯುತ್ತ ಮಡಿಯುವ ಕಥೆ ಯುದ್ಧಚಿತ್ರಗಳ ಪ್ರಿಯ ವಸ್ತುಗಳಲ್ಲೊಂದು. ಕನ್ನಡದಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಚಿತ್ರವನ್ನೂ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಜಯಂತಿ ಅಭಿನಯಿಸಿದ, ಚಿತ್ರದುರ್ಗದ ಕೋಟೆಯ ಕಿಂಡಿಯನ್ನು ಒನಕೆ ಹಿಡಿದು ಕಾಯ್ದ ಓಬವ್ವನ ಪ್ರಸಂಗವನ್ನೂ ಉದಾಹರಿಸಬಹುದು. ಕಿಂಡಿಯಿಂದ ಒಂದು ತಲೆ ಹೊರಬರುತ್ತದೆ, ಒನಕೆಯ ಏಟು ಬೀಳುತ್ತದೆ. ಕ್ಯಾಮೆರಾಕ್ಕೆ ಇದಕ್ಕಿಂತ ಅನುಕೂಲವಾದ ಯುದ್ಧರಂಗ ಬೇರೊಂದಿಲ್ಲ. ಚಿತ್ರದುರ್ಗವಾದರೋ 1779ರಲ್ಲಿ ಮೈಸೂರಿನ ಹೈದರನ ವಶವಾಯಿತು, ಕಿಂಡಿಯ ಕಾರಣದಿಂದಲ್ಲ. ಕೋಟೆಯ ಅಂತ್ಯ ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತದೆ, ಒಳಗಿದ್ದವರಿಗೆ ತಿಳಿದಿರಲಿಲ್ಲ.

ಚಿತ್ರಕ್ಕೂ ಇತಿಹಾಸಕ್ಕೂ ಇರುವ ಈ ಅಂತರವನ್ನು ಒರೆಹಚ್ಚಿ ನೋಡಲು, ಕೇರಳದ ಆಲುವದ ಉತ್ತರಕ್ಕೆ ತಿರುವಾಂಕೂರು ರಾಜ್ಯದ ರಕ್ಷಣೆಗೆಂದು ಕಟ್ಟಿದ್ದ ನೆಡುಂಕೋಟ್ಟ ತಕ್ಕ ನಿದರ್ಶನ. ಹೆಸರಿಗೆ ಕೋಟೆಯಾದರೂ ಇದು ದುರ್ಗವಲ್ಲ. ಕೊಡುಂಗಲ್ಲೂರಿನ ಹಿನ್ನೀರಿನ ಅಂಚಿನಿಂದ ಆನೆಮಲೆಯ ತಪ್ಪಲಿನವರೆಗೆ ಸುಮಾರು 30 ಮೈಲಿ ಹಬ್ಬಿದ್ದ, ಬಹುಮಟ್ಟಿಗೆ ಮಣ್ಣಿನದೇ ಆದ ಒಡ್ಡು. ಅದರ ಮುಂದೆ ಸುಮಾರು 16 ಅಡಿ ಅಗಲ, 20 ಅಡಿ ಆಳದ ಕಂದಕ. ಕಂದಕದಲ್ಲಿ ಒತ್ತಾಗಿ ಬೆಳೆಸಿದ ಮುಳ್ಳುಬಿದಿರು. ಕೊಳಚ್ಚಲ್ ಕದನದಲ್ಲಿ (1741) ತಿರುವಾಂಕೂರಿನವರಿಗೆ ಸೆರೆಸಿಕ್ಕಿ, ಬಳಿಕ ಅವರದೇ ಸೇನಾನಿಯಾದ ಡಚ್ಚರ ಪಡೆಯ ಡಿ ಲನ್ನಾಯ್ ಇದರ ನಿರ್ಮಾಣದ ಮುಖ್ಯಸ್ಥನಾಗಿದ್ದನು.

1789ರ ಡಿಸೆಂಬರ್ 28ರ ರಾತ್ರಿ ಪಾರ್ಶ್ವವನ್ನು ಬಳಸಿ ಒಳಹೊಕ್ಕ, ಹೈದರನ ಮಗ ಟಿಪ್ಪು ಸುಲ್ತಾನನ ದಂಡು, ಮರುದಿನ ಒಡ್ಡಿನುದ್ದಕ್ಕೂ ಮುನ್ನುಗ್ಗುತ್ತಿರಲು, ಮರೆಯಲ್ಲಿದ್ದ ಸಣ್ಣದೊಂದು ಗುಂಪು ಹಾರಿಸಿದ ಗುಂಡುಗಳಿಗೆ ಮುಂಚೂಣಿ ತತ್ತರಿಸಿ ಹಿಂದಿರುಗಿ, ಹಿಂದಿನಿಂದ ಬರುತ್ತಿದ್ದವರ ಮೇಲೆಯೇ ಬಿದ್ದು, ಆ ನೂಕುನುಗ್ಗಲಿನಲ್ಲಿ ಬಹುಮಂದಿ ಕಂದಕದ ಪಾಲಾದರು. ಸುಲ್ತಾನನ ಪಲ್ಲಕ್ಕಿಯೂ ಮುದ್ರೆಗಳೂ ತಿರುವಾಂಕೂರಿನವರ ಕೈಸೇರಿದವು. ಈ ಸಂದರ್ಭದಲ್ಲಿ ತಿರುವಾಂಕೂರಿನ ಯೋಧ ವೈಕಂ ಪದ್ಮನಾಭ ಪಿಳ್ಳೆ ಮೆರೆದನೆಂಬ ಸಾಹಸವನ್ನು ಐತಿಹ್ಯವೆಂದೇ ಗ್ರಹಿಸುವುದು ಯುಕ್ತ.

ಚಿತ್ರವಾಗಿದ್ದರೆ ಪರದೆ ಇಲ್ಲಿಯೇ ಬೀಳುತ್ತಿತ್ತು. ಇತಿಹಾಸದಲ್ಲಾದರೋ ಟಿಪ್ಪು ಭಾರಿ ಫಿರಂಗಿಗಳನ್ನು ತರಿಸಿಕೊಂಡು, 1790ರ ಏಪ್ರಿಲಿನಲ್ಲಿ ಒಡ್ಡನ್ನು ಭೇದಿಸಿ ನೆಲಸಮ ಮಾಡಿಸಿದನು. ಮೊದಲ ಗುದ್ದಲಿಯೇಟು ಅವನದೇ ಎಂದು ಹೇಳುವರು. ಬಳಿಕ ಪೆರಿಯಾರಿನ ದಡದ ಆಲುವದಲ್ಲಿ ಬೀಡುಬಿಟ್ಟನು. ಮಳೆ ಹಿಡಿದು ಹೊಳೆಯುಕ್ಕಿ, ದಾರಿಗಳು ಮುಳುಗಿ, ಮದ್ದು ನೆನೆದು, ಅತ್ತ ಇಂಗ್ಲಿಷರ ಸೈನ್ಯವೂ ಹೊರಟ ಸುದ್ದಿ ತಲುಪಲು, ಮೇ ತಿಂಗಳಲ್ಲಿ ಅವನು ಹಿಮ್ಮೆಟ್ಟಬೇಕಾಯಿತು. ಕೋಟೆ ಬಿದ್ದಿತು, ರಾಜ್ಯ ಬೀಳಲಿಲ್ಲ.

ಕಿತ್ತೂರಿನ ಗತಿ ಬೇರೆ: 1824ರ ಅಕ್ಟೋಬರ್ 23ರಂದು ಇಂಗ್ಲಿಷ್ ಅಧಿಕಾರಿ ಥ್ಯಾಕರೆ ಹತನಾದ ಆ ಕೋಟೆ ಡಿಸೆಂಬರಿನಲ್ಲಿ ಶತ್ರುವಶವಾಯಿತು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು.

ನೆಡುಂಕೋಟ್ಟದ ಒಡ್ಡು ಈಗ ಬಹುಮಟ್ಟಿಗೆ ಅಳಿದುಹೋಗಿದೆ. ಕೃಷ್ಣನ್‌ಕೋಟ್ಟ, ಕೋಟ್ಟಮುರಿ ಎಂಬ ಊರ ಹೆಸರುಗಳು ಮಾತ್ರ ಬಳಕೆಯಲ್ಲಿವೆ.