ಕಾಗದದ ಹೂವಿನ ಪೂರ್ವವೃತ್ತಾಂತ

ವಸಂತಕಾಲದಲ್ಲಿ ಕನ್ನಡನಾಡಿನ ಮನೆಗಳ ಬೇಲಿಯನ್ನು ಕೆಂಪೇರಿಸುವ ಕಾಗದದ ಹೂವು ಮೂಲತಃ ಈ ದೇಶದ್ದಲ್ಲ. 1767ರಲ್ಲಿ ಭೂಪ್ರದಕ್ಷಿಣೆಗೆ ಹೊರಟ ಫ್ರೆಂಚ್ ಹಡಗುಗಳು ಬ್ರೆಜಿಲ್ ದೇಶದ ರಿಯೋ ಬಂದರಿನಲ್ಲಿ ತಂಗಿದಾಗ, ಸಸ್ಯಶಾಸ್ತ್ರಜ್ಞನಾದ ಕೊಮೆರ್ಸನ್ ಇದನ್ನು ಗುರುತಿಸಿ, ನೌಕಾನಾಯಕನಾದ ಬೂಗೆನ್‌ವಿಲ್ಲನ ಹೆಸರನ್ನಿಟ್ಟನು. ಗಂಡುಡುಗೆಯನ್ನು ಧರಿಸಿ, ಆ ಯಾನದಲ್ಲಿ ಸಸ್ಯಸಂಗ್ರಹದ ಭಾರವನ್ನು ಹೊತ್ತಿದ್ದ ಜೀನ್ ಬಾರೆ ಎಂಬ ಸ್ತ್ರೀಯ ಹೆಸರಾದರೋ ಬಹುಕಾಲ ಮರೆಯಾಗಿತ್ತು. ಬದನೆಯ ಕುಲದ ಸಸ್ಯವೊಂದಕ್ಕೆ ಆಕೆಯ ಹೆಸರು ಸಂದುದು 2012ರಲ್ಲಿ.

ಮನೆದೋಟಗಳಲ್ಲಿ ಈ ಬಳ್ಳಿಯು ಬೀಜ ಕಟ್ಟುವುದು ವಿರಳ. ಬಹುಮಟ್ಟಿಗೆ ಕಡ್ಡಿಯನ್ನು ನೆಟ್ಟೇ ಬೆಳೆಸಬೇಕು. ಒಂದು ಮನೆಯವರು ಕೊಟ್ಟುದರಿಂದಲೇ ಇನ್ನೊಂದು ಮನೆಯ ಅಂಗಳದಲ್ಲಿ ಇದು ಅರಳಿತು. ಹೆಸರು ನಾಯಕನದು, ಬೀದಿಬೀದಿಯಲ್ಲಿ ಹೂವನ್ನು ಉಳಿಸಿದ ಪುಣ್ಯವಾದರೋ ನೆರೆಯವರಿಗೆ ಕಡ್ಡಿಯನ್ನು ಮುರಿದುಕೊಟ್ಟ, ಯಾವ ಗ್ರಂಥದಲ್ಲಿಯೂ ಹೆಸರಿಲ್ಲದ ಗೃಹಿಣಿಯರದು.