ಮನೆಯಿಲ್ಲದ ಮತಿವಿಕಲರ ಪೋಷಣೆ

ಬಸ್ಸುನಿಲ್ದಾಣದ ಮೂಲೆಯಲ್ಲಿಯೋ ದೇವಸ್ಥಾನದ ಜಗಲಿಯ ಮೇಲೆಯೋ ಸಂತೆಯ ಬಯಲಿನಲ್ಲಿಯೋ ಇಂತಹವರು ಒಬ್ಬರಾದರೂ ಕಣ್ಣಿಗೆ ಬೀಳದ ಊರು ಅಪರೂಪ. ಜಡೆಗಟ್ಟಿದ ಕೂದಲು, ಹರಕು ಬಟ್ಟೆ, ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುವ ಮಾತು. ದಯವಂತರು ಒಂದು ತುತ್ತು ಅನ್ನವನ್ನಿಕ್ಕುವರು, ಹುಡುಗರು ಕಲ್ಲೆಸೆಯುವರು, ಉಳಿದವರು ಮುಖ ತಿರುಗಿಸಿಕೊಂಡು ಹೋಗುವರು. ಅವರ ಹೆಸರೇನು, ಊರು ಯಾವುದು ಎಂದು ಕೇಳತಕ್ಕವರು ಮಾತ್ರ ವಿರಳ. ಬುದ್ಧಿವಿಕಲತೆಯಿಂದ ಬೀದಿಪಾಲಾದ ಈ ಜನಕ್ಕೆ ಸಮಾಜವು ಸಲ್ಲಿಸಬೇಕಾದ ಋಣವೇನು? ಈ ಪ್ರಶ್ನೆಗೆ ಒಂದೊಂದು ಕಾಲವು ಒಂದೊಂದು ಉತ್ತರವನ್ನು ಕೊಟ್ಟಿರುವುದು. ಆ ಉತ್ತರಗಳ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಉನ್ಮಾದವು ಚಿಕಿತ್ಸೆಗೆ ಯೋಗ್ಯವಾದ ವ್ಯಾಧಿಯೆಂಬ ತಿಳಿವಳಿಕೆ ನಮ್ಮಲ್ಲಿ ಹೊಸದಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಅದಕ್ಕೆ ಒಂದೊಂದು ಅಧ್ಯಾಯ ಮೀಸಲಾಗಿದೆ. ವಾತಜ, ಪಿತ್ತಜ, ಕಫಜ, ಸನ್ನಿಪಾತಜ, ಆಗಂತು ಎಂದು ಅಲ್ಲಿ ಹೇಳಿರುವ ಐದು ಬಗೆಗಳಲ್ಲಿ ನಾಲ್ಕು ದೇಹದ ದೋಷಗಳಿಂದಲೇ ಹುಟ್ಟತಕ್ಕವು. ಆದರೆ ಈ ಶಾಸ್ತ್ರವು ಸಹಜವಾಗಿಯೇ ವೈದ್ಯನನ್ನೂ ರೋಗಿಯನ್ನೂ ರೋಗಿಯ ಬಳಿಯಿರುವ ಪರಿಚಾರಕನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊರಟದ್ದು. ಕರೆತರುವ ಬಂಧುವೇ ಇಲ್ಲದವನ ಗತಿಯೇನೆಂಬ ವಿಚಾರವು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಧರ್ಮಶಾಸ್ತ್ರಕ್ಕೆ ಸೇರಿದುದು.

ಧರ್ಮಶಾಸ್ತ್ರವು ಇದಕ್ಕೆ ಕೊಟ್ಟ ಉತ್ತರದಲ್ಲಿ ಎರಡು ಮುಖಗಳಿವೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಉನ್ಮತ್ತನಿಗೆ ಪಿತೃಧನದಲ್ಲಿ ಭಾಗವಿಲ್ಲವೆಂದು ವಿಧಿಸಿದೆ. ಒಡನೆಯೇ, ಅವನಿಗೆ ಜೀವಮಾನಪರ್ಯಂತ ಅನ್ನವಸ್ತ್ರಗಳನ್ನು ಕೊಟ್ಟು ಸಾಕತಕ್ಕದ್ದೆಂದೂ ಹೇಳಿದೆ. ಹಾಗೆ ಕೊಡದವನು ಪತಿತನಾಗುವನೆಂಬುದು ಮನುವಿನ ಮತ. ನಮ್ಮ ನಾಡಿನ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ವಿಭಾಗಕ್ಕೆ ಮುಂಚೆ ಬಂದ ದೋಷವು ಮಾತ್ರ ಭಾಗವನ್ನು ತಪ್ಪಿಸುವುದೆಂದೂ, ವಿಭಾಗವಾದ ಮೇಲೆಯೂ ಔಷಧಾದಿಗಳಿಂದ ದೋಷವು ಪರಿಹಾರವಾದರೆ ಅವನಿಗೆ ಭಾಗವು ಸಲ್ಲತಕ್ಕದ್ದೆಂದೂ ಅವನು ನಿರ್ಣಯಿಸಿದನು. ರೋಗವು ವಾಸಿಯಾಗಬಹುದು, ವಾಸಿಯಾದವನು ತನ್ನ ಸ್ಥಾನಕ್ಕೆ ಹಿಂದಿರುಗಬಹುದು ಎಂಬ ಎರಡು ನಂಬಿಕೆಗಳು ಈ ನಿರ್ಣಯದಲ್ಲಿ ಅಡಗಿವೆ. ಇಷ್ಟಾದರೂ ರೋಗಿಯು ರೋಗಿಯಾಗಿರುವವರೆಗೆ ಅವನಿಗೆ ತುತ್ತಿತ್ತೇ ಹೊರತು ಪಾಲಿರಲಿಲ್ಲ. ಹುಟ್ಟಿನಿಂದ ಮತಿವಿಕಲರಾದವರ ಹೊರತು ಉಳಿದವರಿಗೆ ಈ ಅಡ್ಡಿಯು ನಿವಾರಣೆಯಾದದ್ದು 1928ರ ಕಾಯಿದೆಯಿಂದ; ಯಾವ ರೋಗವೂ ಯಾವ ಅಂಗವೈಕಲ್ಯವೂ ದಾಯಕ್ಕೆ ಬಾಧಕವಲ್ಲವೆಂದು ಪೂರ್ಣವಾಗಿ ನಿಶ್ಚಯವಾದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಪಾಲು ತಪ್ಪಿದವನು ಮನೆಯಲ್ಲಿ ಭಾರವಾಗುವನು, ಭಾರವಾದವನು ಬೀದಿಗೆ ಬೀಳುವನು ಎಂಬುದನ್ನು ಲೋಕಾನುಭವವುಳ್ಳವರಿಗೆ ವಿವರಿಸಬೇಕಾದುದಿಲ್ಲ.

ಪಶ್ಚಿಮದೇಶಗಳಲ್ಲಿ ಅಲೆಯುವ ಮತಿವಿಕಲರ ಪ್ರಶ್ನೆಯು ಬಹುಕಾಲ ಪೊಲೀಸಿನ ಪ್ರಶ್ನೆಯಾಗಿಯೇ ಇದ್ದಿತು. ಇಂಗ್ಲೆಂಡಿನಲ್ಲಿ 1744ರಲ್ಲಿ ಆದ ಶಾಸನವು ಇಂತಹವರನ್ನು ಕೂಡಿಹಾಕುವ ಅಧಿಕಾರವನ್ನೂ ಅವಶ್ಯವಾದರೆ ಸಂಕೋಲೆ ತೊಡಿಸುವ ಅಧಿಕಾರವನ್ನೂ ಇಬ್ಬರು ನ್ಯಾಯಾಧಿಕಾರಿಗಳಿಗೆ ಕೊಟ್ಟಿತು. ಅದು ಭಿಕ್ಷುಕರನ್ನೂ ಅಲೆಮಾರಿಗಳನ್ನೂ ಹತೋಟಿಯಲ್ಲಿಡಲು ಮಾಡಿದ ಕಾನೂನೆಂಬುದನ್ನು ಗಮನಿಸಬೇಕು. ಆ ಶತಮಾನದ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ ಪಿನೆಲ್ ಎಂಬ ವೈದ್ಯನೂ ಅವನ ಸಹಾಯಕನಾದ ಪುಸ್ಸಾಂ ಎಂಬವನೂ ಸಂಕೋಲೆಗಳನ್ನು ಕಳಚಿಸಲು ತೊಡಗಿದರು; ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ವಿಲಿಯಂ ಟ್ಯೂಕನು 1796ರಲ್ಲಿ ಮೃದುವಾದ ಉಪಚಾರಕ್ಕಾಗಿ ಒಂದು ಆಶ್ರಯಗೃಹವನ್ನು ತೆರೆದನು. ಆದರೆ ನಮ್ಮ ದೇಶಕ್ಕೆ ಮೊದಲು ಬಂದದ್ದು ಕೂಡಿಹಾಕುವ ಪದ್ಧತಿಯೇ. ತನ್ನ ಠಾಣೆಯ ಎಲ್ಲೆಯೊಳಗೆ ಅಲೆದಾಡುವ ಮತಿವಿಕಲರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸ್ ಅಧಿಕಾರಿಯ ಕರ್ತವ್ಯವೆಂದು 1858ರ ಶಾಸನವು ವಿಧಿಸಿತು. 1912ರ ಶಾಸನವೂ ಅದೇ ಹಾದಿಯನ್ನು ಹಿಡಿಯಿತು. ಹೀಗೆ ಬಂದವರಿಗೆ ಅನ್ನ, ಬಟ್ಟೆ, ಸೂರು ಎಲ್ಲವೂ ದೊರೆತುವು. ದೊರೆಯದಿದ್ದುದು ಹೊರಬರುವ ದಾರಿ. ಏಕೆಂದರೆ, ಬಂದು ಕರೆದೊಯ್ಯುವ ಬಂಧುಗಳಿಲ್ಲದವನು ಗುಣಹೊಂದಿದರೂ ಗೋಡೆಯೊಳಗೇ ಉಳಿಯುತ್ತಿದ್ದನು.

ಬೆಂಗಳೂರಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಹುಚ್ಚರ ಆಸ್ಪತ್ರೆಯೊಂದಿತ್ತು. ಕಾಲಕ್ರಮದಲ್ಲಿ ಅದು ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. ಅದರ ಮಗ್ಗುಲಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಎರಡೂ ಕೂಡಿ ಇಂದು ಎಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು. ಹೆಸರಿನ ಈ ಬದಲಾವಣೆಯ ಹಿಂದೆ ದೃಷ್ಟಿಯ ಬದಲಾವಣೆಯೂ ಇದೆ. ರೋಗಿಯನ್ನು ಊರಿನಿಂದ ದೂರಕ್ಕೊಯ್ಯುವ ಬದಲು ಚಿಕಿತ್ಸೆಯನ್ನೇ ಊರಿನ ಬಳಿಗೆ ತರಬೇಕೆಂದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವು ನಡೆಯಿತು. ಅದೇ ಮಾದರಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾದದ್ದು ಕನ್ನಡಿಗರಿಗೆ ಸಂತೋಷದ ಸಂಗತಿ.

ಈ ನಡುವೆ ಔಷಧಗಳಲ್ಲಿ ದೊಡ್ಡದೊಂದು ಪರಿವರ್ತನೆಯಾಯಿತು. ಸರ್ಪಗಂಧಿಯ ಬೇರಿನ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು 1931ರಲ್ಲಿ ಪ್ರಕಟಪಡಿಸಿದ್ದರು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೋಮಜೀನ್ ಎಂಬ ಔಷಧವು ಬಳಕೆಗೆ ಬಂದಿತು. ಉದ್ರೇಕವು ಇಳಿದು ರೋಗಿಗಳು ಮಾತಿಗೆ ಬರತೊಡಗಿದುದರಿಂದ ಗೋಡೆಗಳು ಬೇಕೇ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1955ರಲ್ಲಿ ಸರಕಾರದ ಮಾನಸಿಕ ಆಸ್ಪತ್ರೆಗಳೊಳಗೆ ಸುಮಾರು 5,58,000 ಜನರಿದ್ದರು. 1963ರ ಶಾಸನವು ಇವರಿಗೆ ಊರೂರಿನಲ್ಲಿ ಚಿಕಿತ್ಸಾಕೇಂದ್ರಗಳನ್ನು ಕಟ್ಟಿಸುವೆನೆಂದಿತು. ಆಸ್ಪತ್ರೆಗಳು ಬರಿದಾದುವು; ಕೇಂದ್ರಗಳಾದರೋ ಬೇಕಾದಷ್ಟು ಏಳಲಿಲ್ಲ; ಹೊರಬಂದವರಿಗೆ ಮನೆಗಳು ಮೊದಲೇ ಇರಲಿಲ್ಲ. ಬಹುಮಂದಿ ಬೀದಿಯನ್ನೋ ಸೆರೆಮನೆಯನ್ನೋ ಸೇರಿದರು. ಗೋಡೆಯನ್ನು ಕೆಡಹಿದ ಮಾತ್ರಕ್ಕೆ ಮನೆ ಕಟ್ಟಿದಂತಾಗುವುದಿಲ್ಲವೆಂಬ ಪಾಠವನ್ನು ಆ ಶ್ರೀಮಂತ ದೇಶವು ಬಹು ಬೆಲೆ ತೆತ್ತು ಕಲಿಯಿತು. ಮೊದಲು ವಾಸಕ್ಕೆ ಮನೆಯನ್ನು ಕೊಟ್ಟು, ಆ ಬಳಿಕ ಚಿಕಿತ್ಸೆಗೆ ಒಡಂಬಡಿಸುವ ಪದ್ಧತಿಯೊಂದು ನ್ಯೂಯಾರ್ಕ್ ನಗರದಲ್ಲಿ 1992ರಲ್ಲಿ ಆರಂಭವಾದದ್ದು ಈ ಪಾಠದ ಫಲವೇ.

ಆದರೆ ಈ ತತ್ತ್ವವನ್ನು ಯಾವ ಶಾಸನದ ನೆರವೂ ಇಲ್ಲದೆ ಶತಮಾನಗಳ ಹಿಂದೆಯೇ ಕಂಡುಕೊಂಡ ಊರೊಂದಿದೆ. ಅದು ಬೆಲ್ಜಿಯಂ ದೇಶದ ಗೀಲ್. ಸಂತ ಡಿಂಫ್ನಾ ಎಂಬ ಪುಣ್ಯಸ್ತ್ರೀಯ ಗುಡಿಗೆ ಮತಿವಿಕಲರನ್ನು ಕರೆತರುವ ವಾಡಿಕೆ ಅಲ್ಲಿ ಮಧ್ಯಯುಗದಿಂದ ಇದ್ದಿತು. ಗುಡಿಯಲ್ಲಿ ಸ್ಥಳ ಸಾಲದೆ ಬರಲು ಊರಿನ ಒಕ್ಕಲು ಮಕ್ಕಳು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ರೋಗಿಯು ಆ ಮನೆಯವರೊಡನೆ ಉಂಡು, ಕೈಲಾದಷ್ಟು ಹೊಲಗದ್ದೆಯ ಕೆಲಸ ಮಾಡಿ, ಮನೆಯ ಮಕ್ಕಳ ಕಣ್ಣೆದುರಿಗೇ ಮುದುಕನಾಗುತ್ತಿದ್ದನು. 1850ರ ಹೊತ್ತಿಗೆ ಸರಕಾರವೇ ಈ ಏರ್ಪಾಟನ್ನು ತನ್ನ ಮೇಲ್ವಿಚಾರಣೆಗೆ ತೆಗೆದುಕೊಂಡಿತು. 1938ರ ವೇಳೆಗೆ ಆ ಸಣ್ಣ ಪಟ್ಟಣದ ಮನೆಗಳಲ್ಲಿ ಮೂರು ಸಾವಿರಕ್ಕೂ ಮಿಗಿಲಾದ ಇಂತಹ ಅತಿಥಿಗಳಿದ್ದರು. ಸಂಖ್ಯೆಯು ಈಗ ಬಹಳ ಇಳಿದಿದ್ದರೂ ಪದ್ಧತಿಯು ಅಳಿದಿಲ್ಲ.

ನಮ್ಮ ದೇಶದಲ್ಲಿಯೂ ದೇವಸ್ಥಾನ, ದರ್ಗಾಗಳ ಆಶ್ರಯವು ಎಷ್ಟೋ ರೋಗಿಗಳಿಗೆ ದೊರೆತಿದೆ. ಆದರೆ ಮೇಲ್ವಿಚಾರಣೆಯಿಲ್ಲದ ಆಶ್ರಯವು ಎಂತಹ ಅನರ್ಥಕ್ಕೆ ಎಡೆಗೊಡಬಹುದೆಂಬುದು 2001ನೆಯ ಇಸವಿ ಆಗಸ್ಟ್ 6ರಂದು ತಿಳಿದುಬಂದಿತು. ಅಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿಯವರು ನಡೆಯಿಸುತ್ತಿದ್ದ ಆಶ್ರಮವೊಂದಕ್ಕೆ ಬೆಂಕಿ ತಗುಲಿತು. ಒಳಗಿದ್ದವರು ಸರಪಣಿಯಿಂದ ಬಂಧಿತರಾಗಿದ್ದರು. ಇಪ್ಪತ್ತೆಂಟು ಮಂದಿ ಮಡಿದರು. ಸರಪಣಿಗೆ ಕಟ್ಟುವುದನ್ನು ನಮ್ಮ ದೇಶದ ಶಾಸನವು ಸ್ಪಷ್ಟವಾಗಿ ನಿಷೇಧಿಸಿದ್ದು ಅದಾದ ಹದಿನಾರು ವರ್ಷಗಳ ಮೇಲೆ, 2017ರಲ್ಲಿ.

ಆ ದುರಂತಕ್ಕೆ ಮುಂಚೆಯೇ ಬೇರೊಂದು ದಾರಿಯನ್ನು ತುಳಿದವರಿದ್ದರು. ಮುಂಬಯಿಯ ಭರತ್ ವಾಟ್ವಾನಿ ಮತ್ತು ಸ್ಮಿತಾ ವಾಟ್ವಾನಿ ಎಂಬ ವೈದ್ಯದಂಪತಿಗಳು ಬೀದಿಯಲ್ಲಿ ಚರಂಡಿಯ ನೀರನ್ನು ಕುಡಿಯುತ್ತಿದ್ದ ಯುವಕನೊಬ್ಬನನ್ನು ಕಂಡು ಕರೆದೊಯ್ದು ಚಿಕಿತ್ಸೆ ಮಾಡಿದರು. ಗುಣವಾದ ಮೇಲೆ ಅವನು ಆಂಧ್ರಪ್ರದೇಶದ ಒಬ್ಬ ಪದವೀಧರನೆಂದು ತಿಳಿಯಿತು. 1988ರಲ್ಲಿ ಅವರು ಶ್ರದ್ಧಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 2006ರಲ್ಲಿ ಕರ್ಜತ್‌ನಲ್ಲಿ ಅದರ ದೊಡ್ಡ ಕೇಂದ್ರವು ಆರಂಭವಾಯಿತು. ಬೀದಿಯಲ್ಲಿ ಸಿಕ್ಕಿದವರಿಗೆ ಚಿಕಿತ್ಸೆ ಕೊಟ್ಟು, ನೆನಪು ಮರಳಿದಂತೆಲ್ಲ ಊರಿನ ಹೆಸರನ್ನು ಕೇಳಿ ತಿಳಿದು, ಕಾರ್ಯಕರ್ತರೇ ಜೊತೆಯಲ್ಲಿ ಹೋಗಿ ಮನೆಗೆ ತಲಪಿಸುವುದು ಅವರ ಕ್ರಮ. 2018ರಲ್ಲಿ ಭರತ್ ವಾಟ್ವಾನಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಹೀಗೆ ಮನೆ ಸೇರಿದವರ ಸಂಖ್ಯೆ 7,000ವನ್ನು ದಾಟಿದ್ದಿತು. ಇತ್ತ ಚೆನ್ನೈನಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ತರುಣಿಯರು 1993ರಲ್ಲಿ ದಿ ಬ್ಯಾನ್ಯನ್ ಎಂಬ ಸಂಸ್ಥೆಯನ್ನು ಕಟ್ಟಿ, ಬೀದಿಯಲ್ಲಿ ಅಲೆಯುವ ಸ್ತ್ರೀಯರಿಗೆ ಆಶ್ರಯ ಕೊಟ್ಟರು. ಹಿಂದಿರುಗಲು ಮನೆಯೇ ಇಲ್ಲದವರ ಪಾಡೇನು? ಅಂತಹ ನಾಲ್ಕೈದು ಮಂದಿ ಊರಿನ ನಡುವೆ ಒಂದು ಬಾಡಿಗೆ ಮನೆಯಲ್ಲಿ ಒಟ್ಟಿಗೆ ಸಂಸಾರ ಹೂಡುವಂತೆ ಆ ಸಂಸ್ಥೆಯು 2015ರಿಂದ ಏರ್ಪಾಟು ಮಾಡಿದೆ. ಅಡಿಗೆ, ಸಂತೆ, ಹಬ್ಬ, ನೆರೆಹೊರೆ ಎಲ್ಲವೂ ಅಲ್ಲಿ ಚಿಕಿತ್ಸೆಯ ಅಂಗಗಳೇ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯನ್ನು 1858ರ ಶಾಸನದೊಡನೆ ಹೋಲಿಸಿ ನೋಡಿದರೆ ನಡೆದು ಬಂದ ದೂರವು ಅರಿವಾಗುವುದು. ಅಲ್ಲಿ ಹಿಡಿಯಬೇಕಾದವನು ಇಲ್ಲಿ ರಕ್ಷಿಸಬೇಕಾದವನಾಗಿದ್ದಾನೆ. ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುವ ರೋಗಿಯನ್ನು ಪೊಲೀಸ್ ಅಧಿಕಾರಿಯು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಸರಕಾರಿ ಆಸ್ಪತ್ರೆಗೆ ಸೇರಿಸತಕ್ಕದ್ದು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿಡಕೂಡದು. ಮನೆಯಿಲ್ಲದವನಾದರೆ ಕಾಣೆಯಾದವನೆಂದು ವರದಿ ದಾಖಲಿಸಿಕೊಂಡು ಅವನ ಕುಟುಂಬವನ್ನು ಹುಡುಕತಕ್ಕದ್ದು. ನಿರ್ಗತಿಕರಿಗೂ ಮನೆಯಿಲ್ಲದವರಿಗೂ ಚಿಕಿತ್ಸೆಯು ಉಚಿತವಾಗಿ ದೊರೆಯತಕ್ಕದ್ದೆಂಬುದು ಅದೇ ಕಾಯಿದೆಯ ವಿಧಿ.

ಅನ್ನವನ್ನು ಮಾತ್ರ ಕೊಟ್ಟ ಕಾಲವನ್ನೂ, ಗೋಡೆಯನ್ನು ಮಾತ್ರ ಕೊಟ್ಟ ಕಾಲವನ್ನೂ, ಗೋಡೆಯನ್ನು ಕೆಡಹಿ ಮತ್ತೇನನ್ನೂ ಕೊಡದ ಕಾಲವನ್ನೂ ನೋಡಿದೆವು. ಈ ಮೂರರಲ್ಲಿಯೂ ಕೊರತೆಯಾದುದು ಒಂದೇ: ಮನುಷ್ಯರ ನಡುವೆ ಒಂದು ಸ್ಥಾನ. ಶಾಸನವು ಆಸ್ಪತ್ರೆಯ ಬಾಗಿಲನ್ನು ತೆರೆಯಿಸಬಲ್ಲದು. ಮನೆಯ ಬಾಗಿಲನ್ನು ತೆರೆಯತಕ್ಕವರು ಮನೆಯವರೇ. ಗುಣವಾಗಿ ಮರಳಿದವನನ್ನು ಮತ್ತೆ ಹುಚ್ಚನೆಂದು ಕರೆಯುವ ಊರಿನಲ್ಲಿ ಯಾವ ಔಷಧವೂ ಹೆಚ್ಚು ದಿನ ನಿಲ್ಲಲಾರದು. ಓದುಬರಹ ಬಲ್ಲ ಗೃಹಸ್ಥರು ಮಾಡಬಹುದಾದುದು ಕಷ್ಟದ ಕೆಲಸವೇನಲ್ಲ. ಜಗಲಿಯ ಮೇಲಿರುವವರಿಗೆ ಅನ್ನವನ್ನಿಕ್ಕುವಾಗ ಅವರ ಹೆಸರನ್ನೂ ಊರನ್ನೂ ಮೆಲ್ಲಗೆ ಕೇಳಿರಿ. ಅವರ ಭಾಷೆ ಬೇರೆಯೆಂದು ತೋರಿದರೆ ಆ ಭಾಷೆಯನ್ನು ಬಲ್ಲವರನ್ನು ಕರೆತನ್ನಿರಿ. ಜಿಲ್ಲಾ ಆಸ್ಪತ್ರೆಗೂ ಠಾಣೆಗೂ ತಿಳಿಸಿ, ತಿಳಿಸಿದ ಮೇಲೆ ಏನಾಯಿತೆಂದು ಮರುವಾರ ಮತ್ತೊಮ್ಮೆ ವಿಚಾರಿಸಿರಿ. ಅಂತಹವನು ಗುಣಹೊಂದಿ ನಿಮ್ಮ ಬೀದಿಗೇ ವಾಸಕ್ಕೆ ಬಂದರೆ, ಹಬ್ಬದ ದಿನ ಅವನನ್ನೂ ಪಂಕ್ತಿಗೆ ಕರೆಯಿರಿ.